ಸುರಬಾಯಾದಲ್ಲಿ ಬಂದೂಕು ಹಿಡಿದವರು ನಮ್ಮವರೇ

1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್, ಸೆಹಗಲ್, ಧಿಲ್ಲೋನ್ ಅವರ ವಿಚಾರಣೆ ಶುರುವಾಯಿತು. ಇಡೀ ದೇಶ ಅವರ ಪರ ನಿಂತಿತು. ಇದು ನಮಗೆ ಗೊತ್ತು. ಅದಾಗಿ ಐದೇ ದಿನಕ್ಕೆ ಬ್ರಿಟಿಷರು ಇಂಡೋನೇಷ್ಯಾದ ಸುರಬಾಯಾ ನಗರದ ಮೇಲೆ ಮುಗಿಬಿದ್ದರು. ಆ ಸೈನ್ಯದಲ್ಲಿ ಬಹುಪಾಲು ಭಾರತೀಯರೇ ಇದ್ದರು. ಇದನ್ನು ಮಾತ್ರ ನಾವು ಯಾರೂ ಮಾತಾಡುವುದಿಲ್ಲ.

ಯುದ್ಧಕಾಲದಲ್ಲಿ ಇಂಡೋನೇಷ್ಯಾವನ್ನು ಹಿಡಿದಿಟ್ಟಿದ್ದ ಜಪಾನ್ ಶರಣಾದ ಕೂಡಲೇ, ಆಗಸ್ಟ್ 17ಕ್ಕೆ, ಅಲ್ಲಿನ ನಾಯಕರಾದ ಸುಕಾರ್ನೊ ಮತ್ತು ಹತ್ತಾ ಸ್ವಾತಂತ್ರ್ಯ ಸಾರಿದ್ದರು. ಡಚ್ಚರಿಗೆ ತಮ್ಮ ಹಳೆಯ ವಸಾಹತು ವಾಪಸ್ ಬೇಕಿತ್ತು. ಸೆಪ್ಟೆಂಬರ್ 19ರಂದು ಸುರಬಾಯಾದ ಯಮಾಟೊ ಹೋಟೆಲ್ ಮೇಲೆ ಡಚ್ ಬಾವುಟ ಹಾರಿಸಿದರು. ಹುಡುಗರು ಮೇಲೆ ಹತ್ತಿ ಅದರ ನೀಲಿ ಪಟ್ಟಿಯನ್ನು ಹರಿದು ಹಾಕಿದರು. ಉಳಿದದ್ದು ಕೆಂಪು, ಬಿಳಿ. ಅದೇ ಅವರ ಬಾವುಟ!

ಜಪಾನಿ ಸೈನಿಕರ ಶಸ್ತ್ರ ಇಳಿಸಲು, ಅವರ ಕೈದಿಗಳನ್ನು ಬಿಡಿಸಲು ಎಂದು ಅಕ್ಟೋಬರ್ ಕೊನೆಯಲ್ಲಿ ಬ್ರಿಟಿಷರ 49ನೇ ಇಂಡಿಯನ್ ಬ್ರಿಗೇಡ್ ಸುರಬಾಯಾಕ್ಕೆ ಬಂದಿಳಿಯಿತು. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಮತ್ತು ರಜಪುತಾನಾ ರೈಫಲ್ಸ್ ಪಡೆಗಳಿದ್ದವು. ಊರಿನವರೂ ಶಸ್ತ್ರ ಒಪ್ಪಿಸಿ ಎಂದು ವಿಮಾನದಿಂದ ಕರಪತ್ರ ಉದುರಿಸಿದ್ದೇ ತಡ, ಊರು ಸಿಡಿದೆದ್ದಿತು. ಊರ ತುಂಬ ಚದುರಿ ನಿಂತಿದ್ದ ಸಣ್ಣ ಸಣ್ಣ ತುಕಡಿಗಳು ಸಿಕ್ಕಿಬಿದ್ದವು. ಸುಕಾರ್ನೊ ಅವರೇ ಬಂದು ಕದನವಿರಾಮ ಮಾಡಿಸಬೇಕಾಯಿತು. ಅದಾದ ಮೇಲೂ ಅಕ್ಟೋಬರ್ 30ರಂದು ಆ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಮ್ಯಾಲಬಿ ಸತ್ತರು.

ಬ್ರಿಟಿಷರಿಗೆ ಸೇಡು ತೀರಿಸಿಕೊಳ್ಳಬೇಕಿತ್ತು. 5ನೇ ಇಂಡಿಯನ್ ಡಿವಿಷನ್ ಕರೆಸಿದರು. ಬೆಳಿಗ್ಗೆ ಆರರೊಳಗೆ ಕೈ ಮೇಲೆತ್ತಿಕೊಂಡು ಬಂದು ಶಸ್ತ್ರ ಒಪ್ಪಿಸಿ ಎಂದು ಗಡುವು ಕೊಟ್ಟರು. ಇಂಡೋನೇಷ್ಯಾ ಕಡೆಯ ಗವರ್ನರ್ ಸೂರ್ಯೊ ಆಗುವುದಿಲ್ಲ ಎಂದರು. ಬುಂಗ್ ತೊಮೊ ಎಂಬ 25 ವರ್ಷದ ಯುವಕ ರೇಡಿಯೊದಲ್ಲಿ ಜನರನ್ನು ಹುರಿದುಂಬಿಸಿದ.

ನವೆಂಬರ್ 10ರ ಬೆಳಿಗ್ಗೆ ಯುದ್ಧನೌಕೆಯ ಫಿರಂಗಿ, ಟ್ಯಾಂಕು, ವಿಮಾನ ಎಲ್ಲವೂ ಒಟ್ಟಿಗೆ ಊರ ಮೇಲೆ ಬಿದ್ದವು. ಎದುರಿಗಿದ್ದವರ ಹತ್ತಿರ ಜಪಾನಿಯರಿಂದ ಸಿಕ್ಕ ಬಂದೂಕುಗಳಿದ್ದವು. ಅದೂ ಇಲ್ಲದವರು ಬಿದಿರು ಚೂಪು ಮಾಡಿ ಹಿಡಿದು ಬಂದರು. ಅವರಲ್ಲಿ ಧಾರ್ಮಿಕ ಶಾಲೆಗಳ ವಿದ್ಯಾರ್ಥಿಗಳೂ ಇದ್ದರು. ಆದರೂ ಊರು ಪೂರ್ತಿ ಕೈಗೆ ಸಿಗಲು ಸುಮಾರು ಮೂರು ವಾರ ಹಿಡಿಯಿತು. ಬ್ರಿಟಿಷ್ ಕಡೆ ಸತ್ತವರು ನೂರರ ಲೆಕ್ಕದಲ್ಲಿ, ಇಂಡೋನೇಷ್ಯಾದವರು ಸಾವಿರಗಳ ಲೆಕ್ಕದಲ್ಲಿ.

ಸುಮ್ನೆ ಜೀವ ಕಳೆದುಕೊಂಡರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಗಣರಾಜ್ಯ ಜಪಾನ್ ಆಡಿಸಿದ ಗೊಂಬೆ ಎಂಬ ಡಚ್ಚರ ಮಾತನ್ನು ಅದಾದ ಮೇಲೆ ನಂಬುವುದು ಕಷ್ಟವಾಯಿತು. ಬ್ರಿಟಿಷರು ತಾವು ಹೊರಡುವ ದಾರಿ ನೋಡಿದರು, ಮಾತುಕತೆಗೆ ಕೂರಿ ಎಂದು ಡಚ್ಚರನ್ನು ಒತ್ತಾಯಿಸಿದರು. 1949ರ ಡಿಸೆಂಬರ್ 27ಕ್ಕೆ ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಊರು ಸೋತರೂ ನವೆಂಬರ್ 10 ಅವರಿಗೆ ವೀರರ ದಿನ.

ನನ್ನ ಸಂಕಟ ನಮ್ಮ ಸಿಪಾಯಿಗಳದ್ದು. ವಿಶ್ವಯುದ್ಧ ಮುಗಿದಿತ್ತು, ಮನೆಗೆ ಹೋಗುವ ಕಾಲ. ಆಗ ಅವರನ್ನು ಇನ್ನೊಂದು ಗುಲಾಮ ದೇಶದ ಜನರ ಮೇಲೆ ಗುಂಡು ಹಾರಿಸಲು ನಿಲ್ಲಿಸಿದರು. ನೆಹರೂ ಇದನ್ನು ಬಹಿರಂಗವಾಗಿ ಖಂಡಿಸಿದರು. ಕೆಲವು ಸಿಪಾಯಿಗಳು ಸೈನ್ಯ ಬಿಟ್ಟು ಇಂಡೋನೇಷ್ಯಾದವರ ಕಡೆ ಸೇರಿಕೊಂಡರು. ಆಜ್ಞೆ ಪಾಲಿಸಿ ಅಲ್ಲೇ ಸತ್ತವರನ್ನು ನಾನು ದೂರುವುದಿಲ್ಲ. ಆದರೆ ಅವರನ್ನು ಮರೆಯುವುದೂ ಅನ್ಯಾಯ ಅಲ್ವಾ? 1947ರಲ್ಲಿ ಬಿಜು ಪಟ್ನಾಯಕ್ ವಿಮಾನ ಹಾರಿಸಿಕೊಂಡು ಹೋಗಿ ಇಂಡೋನೇಷ್ಯಾದ ನಾಯಕ ಶಾರಿರ್ ಅವರನ್ನು ಕರೆತಂದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಅದರ ಜೊತೆಗೆ ಇದನ್ನೂ ಹೇಳಬೇಕು.

ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಆ ಕಡೆಯ ಗೆಳೆಯರೇ, ಸುರಬಾಯಾ ಇರುವ ಜಾವಾ ದ್ವೀಪಕ್ಕೆ ಹೋಗಿ ಬಂದ ಅಜ್ಜ, ಮುತ್ತಜ್ಜ ನಿಮ್ಮ ಮನೆಯಲ್ಲಿದ್ದರೇ? ಅವರ ಪತ್ರ, ಫೋಟೋ, ಪಿಂಚಣಿ ಕಾಗದ ಏನಿದ್ದರೂ ಎಸೆಯಬೇಡಿ. ಅವರು ಆಡಿದ ಮಾತು ನೆನಪಿದ್ದರೆ ದಯವಿಟ್ಟು ಬರೆದಿಡಿ.