ತಿದ್ದಿದ ಮೇಲೆ ಅದೇ ಪಾಯಿಂಟರ್ ವಾಪಸ್ ಯಾಕೆ?

ಸರ್, ಲೇಖನ ಇಷ್ಟವಾಯಿತು. ಆದರೆ ಸಿ ಭಾಷೆಯಲ್ಲಿ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಇದ್ದಲ್ಲೇ ತಿದ್ದುವ ಫಂಕ್ಷನ್ ಯಾವಾಗಲೂ ಅದೇ ಪಾಯಿಂಟರ್ (ಅದರ ಮೆಮೊರಿ ವಿಳಾಸ) ವಾಪಸ್ ಕೊಡಬೇಕು ಎಂಬ ನಿಮ್ಮ ಸಲಹೆಯನ್ನು ಒಪ್ಪಲಾರೆ. ಇಲ್ಲಿ ಪುಣೆಯ ಐಟಿ ಪ್ರದೇಶ ಹಿಂಜವಡಿಗೆ ವಿಜಯಪುರ, ಕಲಬುರಗಿ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬರುವ ನಮ್ಮ ಹುಡುಗರು ಎಡವುವುದೇ ಇಲ್ಲಿ. ಕ್ಯಾಪಿಟಲ್ ಅಕ್ಷರ ಮಾಡುವ ಫಂಕ್ಷನ್ ಪಾಯಿಂಟರ್ ಕೊಟ್ಟ ಕೂಡಲೇ, ಹೊಸ ಪ್ರತಿ ಸಿಕ್ಕಿತು, ಮೂಲ ಹಾಗೇ ಇದೆ ಅಂದುಕೊಳ್ಳುತ್ತಾರೆ. ತೆರೆಗೆ ಬರೆಯುವ ಒಂದೇ ಪ್ರಿಂಟ್‌ಎಫ್‌ನಲ್ಲಿ ಮೂಲವನ್ನೂ ತಿದ್ದಿದ್ದನ್ನೂ ಕೇಳಿದರೆ ಎರಡೂ ಕಡೆ ಕ್ಯಾಪಿಟಲ್ಲೇ ಬರುತ್ತದೆ, ಯಾಕೆಂದರೆ ಇರುವುದು ಒಂದೇ ಬಫರ್, ಅಂದರೆ ಅಕ್ಷರಗಳನ್ನಿಟ್ಟ ಒಂದೇ ಮೆಮೊರಿ ಜಾಗ. ಮೆಮೊರಿ ಕೇಳಿ ಪಡೆಯುವ ಮ್ಯಾಲಕ್‌ನಿಂದ ಬಂದ ಬಫರ್ ಆಗಿದ್ದರಂತೂ ಎರಡು ಪ್ರತಿ ಇವೆ ಎಂದುಕೊಂಡು ಅದನ್ನೇ ತಪ್ಪಾಗಿ ಎರಡು ಸಲ ಫ್ರೀ ಮಾಡಿಬಿಡುತ್ತಾರೆ (ಮೆಮೊರಿ ವಾಪಸ್ ಕೊಟ್ಟುಬಿಡುತ್ತಾರೆ).

ಸ್ಟ್ರಿಂಗ್ ನಕಲಿಸುವ ಸ್ಟ್ರ್‌ಕಾಪಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸುವ ಸ್ಟ್ರ್‌ಕ್ಯಾಟ್ ಹಾಗೇ ಮಾಡುತ್ತವಲ್ಲ ಅಂದಿದ್ದೀರಿ. ನಿಜ. ಆದರೆ ಅವು ಕೊಡುವುದು ನಮ್ಮ ಕೈಯಲ್ಲಿ ಮೊದಲೇ ಇದ್ದ ವಿಳಾಸ. ಸ್ಟ್ರಿಂಗಿನ ಕೊನೆ ಎಲ್ಲಿ ಎಂದು ಅವಕ್ಕೆ ಗೊತ್ತಾಗಿರುತ್ತದೆ, ಅದನ್ನು ಹೇಳುವುದಿಲ್ಲ. ಹಾಗಾಗಿ ಲೂಪಿನೊಳಗೆ ಸ್ಟ್ರ್‌ಕ್ಯಾಟ್ ಹಾಕಿದರೆ ಪ್ರತಿ ಸುತ್ತಿಗೂ ಮೊದಲಿನಿಂದ ಕೊನೆಯ ಗುರುತಾದ ಸೊನ್ನೆ ಬೈಟಿನ ಹುಡುಕಾಟ. ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡವಾದ ಪೋಸಿಕ್ಸ್‌ನ 2008ರ ಆವೃತ್ತಿಯಲ್ಲಿ ಸೇರಿದ ಎಸ್‌ಟಿಪಿಕಾಪಿ ಆ ಕೊನೆಯ ವಿಳಾಸವನ್ನೇ ಕೊಡುತ್ತದೆ. ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನಿಂದ ಬಂದ ಸ್ಟ್ರ್‌ಎಲ್‌ಕಾಪಿ ಮೂಲದ ಉದ್ದ ಕೊಡುತ್ತದೆ. ಆ ಉದ್ದ ಬಫರಿನ ಅಳತೆಯಷ್ಟೋ ಹೆಚ್ಚೋ ಇದ್ದರೆ ತುದಿ ಕತ್ತರಿಸಿಹೋಗಿದೆ ಎಂದು ತಿಳಿಯುತ್ತದೆ. ಇಂಥ ಉತ್ತರದಿಂದ ಉಪಯೋಗವಿದೆ. ಹೇಳಲು ಹೊಸದೇನೂ ಇಲ್ಲದಿದ್ದರೆ ವಾಯ್ಡ್ (ಏನನ್ನೂ ವಾಪಸ್ ಕೊಡದಿರುವುದು) ಸಾಕು.

ಇನ್ನೊಂದು. ನಿಮ್ಮ ಕೊನೆಯ ಉದಾಹರಣೆಯಲ್ಲಿ ಊರಿನ ಹೆಸರಿನ ಲಿಟರಲನ್ನು (ಕೋಡಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದ ಸ್ಟ್ರಿಂಗನ್ನು) ಪಾಯಿಂಟರಿಗೆ ಕೊಟ್ಟು ಅದನ್ನೇ ತಿದ್ದಿದ್ದೀರಿ. ಅದು ಸಿ ಭಾಷೆಯಲ್ಲಿ ಸಲ್ಲದು. ಪ್ರೋಗ್ರಾಂ ಅಲ್ಲೇ ಬಿದ್ದುಹೋಗಬಹುದು. ದಯವಿಟ್ಟು ಪಾಯಿಂಟರನ್ನು ಅರೇ (ತಿದ್ದಬಹುದಾದ ಸ್ವಂತ ಪ್ರತಿ) ಎಂದು ಬದಲಿಸಿ, ಹೊಸಬರು ಹಾಗೇ ನಕಲು ಮಾಡಿಕೊಳ್ಳುತ್ತಾರೆ.