ಬಫಲೋಗೆ ಕಾಲಿಟ್ಟ ಗಳಿಗೆ

ಕಾಲ್ಗುಣ ನೋಡುವುದು ಹೊಸ ಸೊಸೆಯಂದಿರಿಗೆ ಮಾತ್ರ ಅಂದುಕೊಂಡಿದ್ದೆ. ಅಮೆರಿಕದಲ್ಲಿ, ಪಕ್ಕದ ಮನೆಯ ಬಿಳಿಗಡ್ಡದ ಮುದುಕನೊಬ್ಬ ನನ್ನ ಕಾಲ್ಗುಣದ ಲೆಕ್ಕ ಇಡುತ್ತಾನೆ ಅಂತ ಯಾರಿಗೆ ಗೊತ್ತಿತ್ತು?

ನಾನು ಬಫಲೋಗೆ ಬಂದದ್ದು 2000ದ ಬೇಸಿಗೆಯಲ್ಲಿ. ಅದೇ ವರ್ಷ ಜನವರಿ 8ರಂದು ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಬಿಲ್ಸ್ ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಪಂದ್ಯ, ಆಡಿತ್ತು. 16 ಸೆಕೆಂಡ್ ಬಾಕಿ ಇದ್ದಾಗ ಟೆನೆಸ್ಸಿ ಟೈಟನ್ಸ್ ಮೇಲೆ 16-15ರಿಂದ ಮುಂದಿತ್ತು. ಆಗ ಟೈಟನ್ಸ್‌ನ ಫ್ರಾಂಕ್ ವೈಚೆಕ್ ಚೆಂಡನ್ನು ಮೈದಾನದ ಆ ಬದಿಗೆ ಎಸೆದ. ಕೆವಿನ್ ಡೈಸನ್ ಹಿಡಿದು 75 ಗಜ ಓಡಿ ಬಿಲ್ಸ್ ಕಡೆಯ ಕೊನೇ ಗೆರೆ ದಾಟಿಯೇಬಿಟ್ಟ, ಅದೇ ಟಚ್‌ಡೌನ್. 22-16, ಕಥೆ ಮುಗೀತು. ಎಸೆತ ಮುಂದಕ್ಕೆ ಹೋಗಿದ್ದರೆ ತಪ್ಪು. ರೆಫರಿ ರೀಪ್ಲೇ ನೋಡಿ ಸರಿಯಿದೆ ಅಂದರು. ನಮ್ಮ ಮುದುಕ ಇವತ್ತಿಗೂ ಒಪ್ಪಿಲ್ಲ. ಸುಮ್ನೆ ಸಕ್ಕರೆ ಕೇಳಲು ಹೋದರೂ ಹಳೇ ಟೇಪ್ ಹಾಕಿ, ಅಲ್ಲೇ ನಿಲ್ಲಿಸಿ, ಟಿವಿ ಗಾಜಿನ ಮೇಲೆ ಸ್ಕೇಲ್ ಇಟ್ಟು ತೋರಿಸುತ್ತಾನೆ. ಆ ಜಾಗದಲ್ಲಿ ಗಾಜು ಗೀರುಬಿದ್ದಿದೆ.

ಊರಿಗೆ ಸೋಲು ಹೊಸದಲ್ಲ. 1991ರಿಂದ 1994ರವರೆಗೆ ಸತತ ನಾಲ್ಕು ಸೂಪರ್ ಬೌಲ್ ಫೈನಲ್ ಸೋತವರು. ಆದರೆ ಫೈನಲ್ ಸೋಲುವುದಕ್ಕೂ ಅಲ್ಲಿಯವರೆಗೆ ಹೋಗಬೇಕಲ್ವಾ? ನಾನು ಬಂದ ಮೇಲೆ ಅದೂ ನಿಂತಿತು.

ಈ ಆಟದ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೀಗೆ ಪ್ಲೇಆಫ್‌ನಿಂದ ಹೊರಗುಳಿಯುವುದು ಸುಲಭವಲ್ಲ. ಹಿಂದೆ ಬಿದ್ದ ತಂಡಕ್ಕೇ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ. ಸಂಬಳದ ಮೊತ್ತಕ್ಕೂ ಮಿತಿ. ಇಷ್ಟೆಲ್ಲ ಕೈಹಿಡಿದು ನಡೆಸಿದರೂ ಬಿಲ್ಸ್ 17 ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ. 2004ರ ಸೀಸನ್‌ನಲ್ಲಿ ಕೊನೇ ಪಂದ್ಯ ಗೆದ್ದಿದ್ದರೆ ಸಾಕಿತ್ತು. ಎದುರಿಗಿದ್ದ ಸ್ಟೀಲರ್ಸ್ ಮುಖ್ಯ ಆಟಗಾರರಲ್ಲಿ ಹಲವರನ್ನು ಕೂರಿಸಿತ್ತು. ಬದಲಿ ಹುಡುಗರೇ 29-24ರಿಂದ ಬಡಿದು ಹೋದರು. ಆ ಸಂಜೆ ಕೇಸರಿಬಾತ್ ತಗೊಂಡು ಮುದುಕನ ಮನೆಗೆ ಹೋದೆ. ತಟ್ಟೆ ಒಳಗೆ ಹೋಯಿತು, ನಾನು ಬಾಗಿಲಲ್ಲೇ ಉಳಿದೆ. ಅಲ್ಲಿಂದ ಮುಂದೆ ಆಟ ಇರುವ ದಿನ ನನಗೆ ಅವನ ಮನೆಯಲ್ಲಿ ಅಡುಗೆಮನೆಯೇ ಗತಿ. ಸ್ಕೋರ್ ಕೇಳಬಹುದು, ಟಿವಿ ನೋಡುವಂತಿಲ್ಲ.

2017ರ ಡಿಸೆಂಬರ್‌ನಲ್ಲಿ ಅಮ್ಮನನ್ನು ನೋಡಲು ಮೈಸೂರಿಗೆ ಹೋಗಿದ್ದೆ. ಜನವರಿ 1ರ ಬೆಳಗ್ಗೆ ಕಾಫಿಗೆ ನೀರಿಡುವಷ್ಟರಲ್ಲಿ ಮುದುಕನ ಫೋನ್. ಹೊಸ ವರ್ಷದ ಶುಭಾಶಯ ಅಂದುಕೊಂಡರೆ ಬರೀ ಕಿರುಚಾಟ. ಬಿಲ್ಸ್ ಮಯಾಮಿಯಲ್ಲಿ ತನ್ನ ಪಂದ್ಯ ಗೆದ್ದು, ಪ್ಲೇಆಫ್ ಜಾಗಕ್ಕೆ ಪೈಪೋಟಿಯಲ್ಲಿದ್ದ ಬಾಲ್ಟಿಮೋರ್ ಸೋಲಲಿ ಎಂದು ಕಾದು ಕೂತಿತ್ತಂತೆ. ಸಿನ್ಸಿನಾಟಿಯ ಆಂಡಿ ಡಾಲ್ಟನ್ ಕೊನೇ ನಿಮಿಷದಲ್ಲಿ ಟೈಲರ್ ಬಾಯ್ಡ್‌ಗೆ 49 ಗಜದ ಟಚ್‌ಡೌನ್ ಪಾಸ್ ಎಸೆದು ಬಾಲ್ಟಿಮೋರ್ ಕಥೆ ಮುಗಿಸಿದ, ಬಿಲ್ಸ್ ಪ್ಲೇಆಫ್‌ಗೆ ಬಂತು. ಬಫಲೋ ಜನ ಖುಷಿಗೆ ಡಾಲ್ಟನ್‌ನ ಸೇವಾಸಂಸ್ಥೆಗೆ 17 ಡಾಲರ್‌ಗಳ ಕಾಣಿಕೆ ಕಳಿಸತೊಡಗಿದರು, ಕಾದ ಒಂದೊಂದು ವರ್ಷಕ್ಕೂ ಒಂದು ಡಾಲರ್. ನನಗೆ ಮಾತ್ರ ಮುದುಕನದ್ದು ಒಂದೇ ಬೇಡಿಕೆ: "ಅಲ್ಲೇ ಇರು."

ರಜೆ ಮುಗಿದಿತ್ತು, ವಾಪಸ್ ಬಂದೆ. ಜನವರಿ 7ರಂದು ಜಾಕ್ಸನ್‌ವಿಲ್ ಜಾಗ್ವಾರ್ಸ್ ಎದುರು ಬಿಲ್ಸ್ 10-3ರಿಂದ ಸೋತಿತು. ಇಡೀ ಆಟಕ್ಕೆ ಮೂರೇ ಪಾಯಿಂಟ್! ಮುದುಕ ಏನೂ ಅನ್ನಲಿಲ್ಲ, ನನ್ನ ಸೂಟ್‌ಕೇಸ್ ಕಡೆ ನೋಡಿದ ಅಷ್ಟೇ.

ಈಗ ಆ ಬರ ನ್ಯೂಜೆರ್ಸಿಯಲ್ಲಿ ಆಡುವ ಜೆಟ್ಸ್ ಪಾಲಾಗಿದೆ. 2010ರ ಸೀಸನ್ ಆದಮೇಲೆ ಅವರಿಗೆ ಪ್ಲೇಆಫ್ ಇಲ್ಲ. ಮೊನ್ನೆ ಮಾತಿನ ಮಧ್ಯೆ ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ ಅಂದೆ. ಮುದುಕ ಕನ್ನಡಕ ಹಾಕಿಕೊಂಡು ಕೇಳಿದ: "ಯಾವ ವರ್ಷ ಹೋದ?"

2011 ಅಂತ ನಾನು ಬಾಯಿಬಿಡಲಿಲ್ಲ.