ಅನುನ್ನಾಕಿಗಳು ಚಿನ್ನಕ್ಕೆ ಬಂದವರಲ್ಲ ಮಾರಾಯ್ರೆ

ವಾಟ್ಸಾಪಲ್ಲಿ ಮತ್ತೆ ಅದೇ ವಿಡಿಯೋ ಓಡಾಡ್ತಿದೆ, ನಿಬಿರು ಅನ್ನೋ ಗ್ರಹದಿಂದ ಅನುನ್ನಾಕಿಗಳು ಅನ್ನೋ ಹಳೇ ಬ್ಯಾಬಿಲೋನಿನ ದೇವರುಗಳು ಬಂದ್ರಂತೆ, ಚಿನ್ನ ಅಗೆಯೋಕೆ ಆಳು ಬೇಕು ಅಂತ ಮನುಷ್ಯರನ್ನ ಮಾಡಿದ್ರಂತೆ, ಎಲ್ಲಾ ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲೇ ಬರ್ದಿದೆಯಂತೆ. ಬರ್ದಿಲ್ಲ. ಆ ಚಿನ್ನದ ಕಥೆ 1976ರಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕದ್ದು.

ಆಳು ಬೇಕಿತ್ತು ಅನ್ನೋದು ಮಾತ್ರ ಹೌದು, ಮಜಾ ಇರೋದೇ ಅಲ್ಲಿ. ಅತ್ರಹಾಸಿಸ್ ಅನ್ನೋ ಬ್ಯಾಬಿಲೋನಿನ ಹಳೇ ಕಾವ್ಯದಲ್ಲಿ, ಕ್ರಿ.ಪೂ. 17ನೇ ಶತಮಾನದ ಪ್ರತಿನೇ ಸಿಕ್ಕಿದೆ, ಇಗಿಗಿಗಳು ಅನ್ನೋ ಚಿಕ್ಕ ದೇವರುಗಳು ಕಾಲುವೆ ತೋಡಿ ತೋಡಿ ಸಾಕಾಗಿ ಸಲಿಕೆ ಮಂಕರಿಗೆಲ್ಲ ಬೆಂಕಿ ಹಚ್ಚಿ ರಾತ್ರೋರಾತ್ರಿ ದೊಡ್ಡ ದೇವರು ಎನ್ಲಿಲನ ಮನೆಗೆ ಮುತ್ತಿಗೆ ಹಾಕ್ತಾರೆ, ಪಕ್ಕಾ ಸ್ಟ್ರೈಕು. ಆಮೇಲೆ ಒಬ್ಬ ದೇವರನ್ನ ಕೊಂದು ಅವನ ರಕ್ತಮಾಂಸನ ಜೇಡಿಮಣ್ಣಿಗೆ ಕಲಸಿ ಮನುಷ್ಯರನ್ನ ಮಾಡ್ತಾರೆ, ಇನ್ಮೇಲೆ ಮಂಕರಿ ಹೊರೋರು ನಾವು. ಕಾಲುವೆ ನೀರಲ್ಲೇ ಬದುಕ್ತಿದ್ದ ಜನಕ್ಕೆ ತಲೆನೋವು ಹೂಳಿಂದು, ಚಿನ್ನದ್ದಲ್ಲ.

ನಿಬಿರು ಅಂದ್ರೆ ದಾಟೋ ಜಾಗ, ಬ್ಯಾಬಿಲೋನಿನ ಮುಖ್ಯ ದೇವರು ಮರ್ದುಕನ ನಕ್ಷತ್ರದ ಹೆಸರು, ಕೆಲವು ಕಡೆ ಗುರುಗ್ರಹಕ್ಕೇ ಹಾಗಂದಿದ್ದಾರೆ. 3,600 ವರ್ಷಕ್ಕೊಮ್ಮೆ ಬರೋ ಗುಪ್ತ ಗ್ರಹ ಅಲ್ಲ.

ವಿಡಿಯೋ ಕಳ್ಸಿದ ಚಿಕ್ಕಪ್ಪಂಗೂ ಇದನ್ನೇ ಬರ್ದು ಹಾಕಿದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.